ಹೋಬಳಿ ಗ್ಯಾರೇಜಿಗೆ ಏನು ಬೇಕು?

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಒಂದು ಹೋಬಳಿ ಕೇಂದ್ರ. ದಾಬಸ್‌ಪೇಟೆಯಿಂದ ಕೊರಟಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ದೇವರಾಯನದುರ್ಗದ ಕಾಡಿನ ಮಗ್ಗುಲಲ್ಲಿದೆ. ಸುತ್ತಲ ಹಳ್ಳಿಗಳ ಬದುಕು ನಡೆಯುವುದೇ ಗಾಡಿಗಳ ಮೇಲೆ. ಹಾಲಿನ ಕ್ಯಾನು ಡೇರಿಗೆ ಹೋಗುವುದು ಟಿವಿಎಸ್ ಎಕ್ಸೆಲ್ ಮೇಲೆ, ತರಕಾರಿ ಅಂತರಸನಹಳ್ಳಿ ಮಾರುಕಟ್ಟೆ ಸೇರುವುದು ಲಗೇಜ್ ಆಟೋದಲ್ಲಿ, ಹುಡುಗರು ದಾಬಸ್‌ಪೇಟೆಯ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವುದು ನೂರು ಸಿಸಿ ಬೈಕಿನಲ್ಲಿ. ಗಾಡಿ ಕೆಟ್ಟು ನಿಂತರೆ ಅವತ್ತಿನ ಕೂಲಿ ಹೋಯಿತು, ಮಾಲು ಬಾಡಿತು. ಕಂಪನಿಯ ಷೋರೂಮು ಇರುವುದು ತುಮಕೂರಿನಲ್ಲಿ. ಹತ್ತಿರ ಇರುವುದು ರಸ್ತೆ ಬದಿಯ ಗ್ಯಾರೇಜು.

ಈ ಗ್ಯಾರೇಜು ಇನ್ನು ಹತ್ತು ವರ್ಷದ ಮೇಲೂ ಈ ಗಾಡಿಗಳನ್ನು ರಿಪೇರಿ ಮಾಡಬಲ್ಲದೇ ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ. ಹಳ್ಳಿ ಮೆಕ್ಯಾನಿಕ್‌ಗೆ ಹೊಸ ಗಾಡಿ ಅರ್ಥವಾಗುವುದಿಲ್ಲ, ಅವನ ಕಾಲ ಮುಗಿಯಿತು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೊರತೆ ಇರುವುದು ಕೈಚಳಕದಲ್ಲಲ್ಲ. ನಂಬಿಕಸ್ತ ಪಾರ್ಟು, ಕೆಲಸಕ್ಕೆ ತಕ್ಕ ಟೂಲ್ಸು, ಗಾಡಿಯೊಳಗಿನ ಮಾಹಿತಿ, ಈ ಮೂರೂ ಅವನ ಕೈಗೆ ಸಿಗದಂತಾಗಿವೆ.

ಮೊದಲು ಪಾರ್ಟಿನ ಮಾತು. ಹಿಂದಿನ ಚಕ್ರ ಬಿಚ್ಚಿ, ಸವೆದ ಬ್ರೇಕ್ ಶೂ ತೋರಿಸಿ ಮೆಕ್ಯಾನಿಕ್ ಕೇಳುತ್ತಾನೆ: "ಅಣ್ಣಾ, ಒರಿಜಿನಲ್ ಹಾಕ್ಲಾ, ಲೋಕಲ್ ಸಾಕಾ?" ಕೇಳುವಾಗ ಎರಡೇ ಬಗೆ, ಅಂಗಡಿಯ ರ‍್ಯಾಕಿನಲ್ಲಿ ಅದಕ್ಕಿಂತ ಹೆಚ್ಚಿವೆ. ಗಾಡಿ ಕಂಪನಿಯ ಹೆಸರಿರುವ ಡಬ್ಬಿಯಲ್ಲಿ ಬರುವುದು ಕಂಪನಿ ಪಾರ್ಟು. ಆದರೆ ಗಾಡಿ ಕಂಪನಿಗಳು ಎಲ್ಲವನ್ನೂ ತಾವೇ ತಯಾರಿಸುವುದಿಲ್ಲ. ಪ್ಲಗ್ಗು, ಬೇರಿಂಗು, ಶಾಕ್ ಅಬ್ಸಾರ್ಬರು, ಬ್ರೇಕಿನ ಲೈನಿಂಗು ಬರುವುದು ಬೇರೆ ತಯಾರಕರಿಂದ, ಮತ್ತು ಆ ತಯಾರಕರು ಬಹಳ ಸಲ ಅದೇ ಬಗೆಯ ಮಾಲನ್ನು ತಮ್ಮ ಹೆಸರಿನ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ. ಕರ್ನಾಟಕದ ಮಟ್ಟಿಗೆ ಇದರ ದೊಡ್ಡ ಉದಾಹರಣೆ ಮೈಕೋ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆದರೂ ಹಳೇ ಮೇಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪ್ಲಗ್ಗು, ಮೈಕೋ ಪಂಪು.

ಇವೆರಡರ ನಂತರ ಲೋಕಲ್ಲು. ಸಣ್ಣ ತಯಾರಕರು ತಮ್ಮದೇ ಹೆಸರಿನಲ್ಲಿ ಮಾಡಿದ ಮಾಲು ಇದು. ಇದು ಮೋಸವಲ್ಲ, ಒಳ್ಳೆಯದೂ ಇದೆ, ಕಳಪೆಯೂ ಇದೆ. ಮೋಸ ಎಂದರೆ ಡೂಪ್ಲಿಕೇಟು. ದೊಡ್ಡ ಕಂಪನಿಯ ಡಬ್ಬಿ, ಲೇಬಲ್ಲು, ಹೊಲೊಗ್ರಾಮನ್ನು ನಕಲು ಮಾಡಿ ಒಳಗೆ ಏನನ್ನೋ ತುಂಬಿರುತ್ತಾರೆ. ಗುಜರಿ ಅಂಗಡಿಯಲ್ಲಿ ಸಿಗುವ ಹಳೇ ಒರಿಜಿನಲ್ ಇನ್ನೊಂದು ಬಗೆ. ನಮ್ಮ ಜನ ಲೋಕಲ್ ಮತ್ತು ಡೂಪ್ಲಿಕೇಟನ್ನು ಒಂದೇ ಎಂದು ತಿಳಿಯುವುದರಿಂದ ಪ್ರಾಮಾಣಿಕ ಸಣ್ಣ ತಯಾರಕನಿಗೆ ಹೆಸರು ಕೆಡುತ್ತದೆ, ನಕಲಿ ಮಾಡುವವನಿಗೆ ಮರೆ ಸಿಗುತ್ತದೆ. ಕನ್ನಡಿ, ಫುಟ್‌ರೆಸ್ಟ್ ರಬ್ಬರು, ಸೀಟ್ ಕವರು, ಮಡ್‌ಗಾರ್ಡು ಲೋಕಲ್ ಆದರೆ ತೊಂದರೆಯಿಲ್ಲ. ಬ್ರೇಕ್ ಶೂ, ಬ್ರೇಕ್ ಕೇಬಲ್, ಹ್ಯಾಂಡಲ್ಲಿನ ಕೋನ್ ಸೆಟ್ಟು, ಚಕ್ರದ ಬೇರಿಂಗು, ಟೈರು ಇವುಗಳಲ್ಲಿ ಉಳಿತಾಯ ಮಾಡಲು ಹೋಗಬಾರದು. ದೇವರಾಯನದುರ್ಗದ ಇಳಿಜಾರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಳಿಯುವಾಗ ಬ್ರೇಕಿನ ಲೈನಿಂಗ್ ಕಾದು ಕಿತ್ತುಬಂದರೆ ಉಳಿಸಿದ ನೂರು ರೂಪಾಯಿ ಯಾರ ಪ್ರಯೋಜನಕ್ಕೂ ಬರುವುದಿಲ್ಲ.

ಪಾರ್ಟು ಬರುವ ದಾರಿಯೂ ಉದ್ದ. ಊರಿನಲ್ಲಿಲ್ಲದ್ದು ತುಮಕೂರಿನಲ್ಲಿ, ಅಲ್ಲೂ ಇಲ್ಲದ್ದು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ. ಫೋನಿನಲ್ಲಿ ಹೇಳಿ, ಹಣ ಕಳಿಸಿ, ಬಸ್ಸಿಗೆ ಹಾಕಿಸುವುದು ಹಳೇ ಪದ್ಧತಿ. ಕೆಎಸ್‌ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೋ' ಹೆಸರಿನಲ್ಲಿ ಇದನ್ನು ವ್ಯವಸ್ಥಿತ ಸೇವೆಯನ್ನಾಗಿ ಮಾಡಿತು. ಈ ದಾರಿಯಲ್ಲಿ ಬಿಲ್ಲೇ ಇಲ್ಲದೆ ಕೈ ಬದಲಾಯಿಸುವ ಮಾಲು ಬಹಳ. ಬೈಕು, ಕಾರಿನ ಹೆಚ್ಚಿನ ಬಿಡಿಭಾಗಗಳ ಮೇಲೆ ಶೇ 28 ಜಿಎಸ್‌ಟಿ ಇದ್ದದ್ದು ಇದಕ್ಕೆ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟೈರು ಮತ್ತು ಅದರ ಹಲವು ಭಾಗಗಳ ಮೇಲಿನದು 18ರಿಂದ 5ಕ್ಕೆ ಬಂದಿದೆ. ಬಿಲ್ಲಿಲ್ಲದ ಮಾಲಿನ ಆಕರ್ಷಣೆ ಇದರಿಂದ ಅಷ್ಟರಮಟ್ಟಿಗೆ ತಗ್ಗಬೇಕು. ಗಿರಾಕಿ ಬಿಲ್ಲು ಕೇಳುವುದನ್ನು ರೂಢಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ, ಏಕೆಂದರೆ ನಕಲಿ ಪಾರ್ಟು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋಗಲು ಬಿಲ್ಲು ಬಿಟ್ಟರೆ ಬೇರೆ ಜಾಡು ಇರುವುದಿಲ್ಲ.

ಇನ್ನು ಕೈಕೆಲಸ. ನಮ್ಮ ಸಣ್ಣ ಊರುಗಳ ಮೆಕ್ಯಾನಿಕ್ ಮತ್ತು ಲೇತಿನವರು ಸೇರಿ ಏನು ಮಾಡಬಲ್ಲರು ಎಂಬುದನ್ನು ತಿಳಿಯಲು ಸಿಲಿಂಡರ್ ಬೋರ್ ಮಾಡಿಸುವ ಕೆಲಸವೊಂದನ್ನು ನೋಡಿದರೆ ಸಾಕು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆ, ಆಯಿಲ್ ಕಡಿಮೆಯಾಗುತ್ತಿದೆ ಎಂದು ಬಂದ ಬೈಕಿನ ಹೆಡ್ಡು ಬಿಚ್ಚಿ ಮೆಕ್ಯಾನಿಕ್ ಮೊದಲು ಸಿಲಿಂಡರಿನ ಒಳಗೋಡೆಯ ಮೇಲ್ಭಾಗದಲ್ಲಿ ಉಗುರು ಆಡಿಸುತ್ತಾನೆ. ರಿಂಗು ಮೇಲೆ ಹೋಗಿ ನಿಲ್ಲುವ ಜಾಗದಲ್ಲಿ ಉಗುರಿಗೆ ಅಂಚು ಸಿಕ್ಕಿತೆಂದರೆ ಅದರ ಕೆಳಗೆ ಗೋಡೆ ಸವೆದಿದೆ ಎಂದೇ ಅರ್ಥ. ಬ್ಲಾಕು ಲೇತಿಗೆ ಹೋಗುತ್ತದೆ. ಅಲ್ಲಿ ಬೋರ್ ಗೇಜು ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಅಡ್ಡಡ್ಡ ಉದ್ದುದ್ದ ಅಳೆಯುತ್ತಾರೆ. ಪಿಸ್ಟನ್ ಸದಾ ಎರಡು ಪಕ್ಕಕ್ಕೇ ಒತ್ತುವುದರಿಂದ ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಓವರ್‌ಸೈಜ್ ಪಿಸ್ಟನ್ನುಗಳು 0.25, 0.50 ಮಿಲಿಮೀಟರ್ ಹೀಗೆ ಹಂತ ಹಂತವಾಗಿ ಬರುತ್ತವೆ. ಪಿಸ್ಟನ್ ಕೈಗೆ ಬರುವ ತನಕ ಒಳ್ಳೆಯ ಲೇತಿನವನು ಬೋರಿಗೆ ಕೈ ಹಾಕುವುದಿಲ್ಲ. ತಂದ ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಮಿಲಿಮೀಟರಿನ ನೂರನೇ ಪಾಲಿನ ಲೆಕ್ಕದಲ್ಲಿ ಸಂದು ಬಿಟ್ಟು ಕೊರೆಯುತ್ತಾನೆ. ಕೊನೆಗೆ ಹೋನಿಂಗ್ ಕಲ್ಲು ಆಡಿಸಿ ಒಳಗೋಡೆಯ ತುಂಬ ಓರೆಗೆರೆಗಳನ್ನು ಎಳೆಯುತ್ತಾನೆ; ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಹೊಸ ರಿಂಗನ್ನು ಬರಿದಾದ ಬೋರಿನೊಳಗೆ ಇಳಿಸಿ, ಅದರ ಬಾಯಿ ಎಷ್ಟು ತೆರೆದಿದೆ ಎಂದು ಫೀಲರ್ ಗೇಜಿನಲ್ಲಿ ನೋಡಿದ ಮೇಲೆಯೇ ಇಂಜಿನ್ ಕಟ್ಟುವುದು. ಕಾಲೇಜು ಮೆಟ್ಟಿಲು ಹತ್ತದವರು ದಿನವೂ ಮಾಡುವ ಕೆಲಸ ಇದು. ಇಷ್ಟು ಸೂಕ್ಷ್ಮ ಅಳತೆ ಬಲ್ಲವರಿಗೆ ಹೊಸ ತಂತ್ರಜ್ಞಾನ ಅರ್ಥವಾಗದು ಎನ್ನುವುದು ಅವಮಾನದ ಮಾತು.

ಮೈಸೂರಿನ ಐಡಿಯಲ್ ಜಾವಾ ಕತೆಯೂ ಇದನ್ನೇ ಹೇಳುತ್ತದೆ. ಅಲ್ಲಿ 1961ರಲ್ಲಿ ಮೋಟಾರ್ ಸೈಕಲ್ ಉತ್ಪಾದನೆ ಶುರುವಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿ ಹೋದರೂ ಜಾವಾ, ಯೆಜ್ಡಿಗಳು ಇಂದಿಗೂ ಓಡುತ್ತಿವೆ. ಆ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಕನೆಕ್ಟಿಂಗ್ ರಾಡ್ ಬದಲಿಸಬಹುದಿತ್ತು, ಬುಷ್ಷನ್ನು ಲೇತಿನಲ್ಲೇ ಕಡೆಯಬಹುದಿತ್ತು. ತುಮಕೂರಿನವರಿಗೆ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಗತಿ ನೆನಪಿದೆ. ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಒಪ್ಪಿತು, ತುಮಕೂರಿನ ಜಾಗ ಇಸ್ರೋ ಪಾಲಾಯಿತು, ಗಡಿಯಾರಗಳು ಮಾತ್ರ ರಿಪೇರಿ ಮಾಡುವವರ ದಯೆಯಿಂದ ಕೈಯಲ್ಲಿ ಉಳಿದಿವೆ. ತಯಾರಿಸಿದವರು ಇಲ್ಲವಾದ ಮೇಲೂ ಯಂತ್ರ ಉಳಿಯಬೇಕಾದರೆ ಅದರ ಒಳಗುಟ್ಟು ಹೊರಗಿನವರಿಗೂ ತಿಳಿದಿರಬೇಕು.

2020ರ ಏಪ್ರಿಲ್ 1ರಿಂದ ಈ ಸ್ಥಿತಿ ಬದಲಾಯಿತು. ಅಂದಿನಿಂದ ದೇಶದಲ್ಲಿ ಮಾರುವ ಹೊಸ ವಾಹನಗಳೆಲ್ಲ ಹೊಗೆ ಮಿತಿಯ ಬಿಎಸ್-6 ಮಾನದಂಡಕ್ಕೆ ಹೊಂದಬೇಕು. ಇಂಧನದಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಉಸಿರಾಡುವ ಗಾಳಿಗೆ ಇದರಿಂದ ಒಳ್ಳೆಯದಾಗಿದೆ, ಇದನ್ನು ಹಿಂದಕ್ಕೆ ತಳ್ಳಬೇಕೆಂದು ಯಾರೂ ಕೇಳಬಾರದು. ಆದರೆ ರೈತರ ಎಕ್ಸೆಲ್‌ನಿಂದ ಹಿಡಿದು ನೂರು ಸಿಸಿ ಬೈಕಿನ ತನಕ ಬಹುಪಾಲು ಗಾಡಿಗಳಲ್ಲಿ ಕಾರ್ಬರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಹಿಂದೆ ಗಾಡಿ ಸ್ಟಾರ್ಟ್ ಆಗದಿದ್ದರೆ ಪ್ಲಗ್ಗು ಬಿಚ್ಚಿ ಕಿಡಿ ನೋಡುವುದು, ಕಾರ್ಬರೇಟರ್ ತೊಳೆದು ಜೆಟ್ ಊದುವುದು, ಅಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಈಗ ಮೀಟರಿನಲ್ಲಿ ಹಳದಿ ಚೆಕ್ ಲೈಟು ಹತ್ತಿಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರೋ, ಟೆಂಪರೇಚರ್ ಸೆನ್ಸರೋ, ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪೋ ಎಂಬುದನ್ನು ಗಾಡಿಯ ಕಂಪ್ಯೂಟರ್ ಕೋಡಿನ ರೂಪದಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಓದಲು ಸ್ಕ್ಯಾನರ್ ಬೇಕು. ಕಾರುಗಳಲ್ಲಿ 16 ಪಿನ್ನಿನ ಒಂದೇ ಬಗೆಯ ಸಾಕೆಟ್ ಇದೆ. ಬೈಕುಗಳಲ್ಲಿ ಕಂಪನಿಗೊಂದು ಬಗೆ ಬಂದು ಮೆಕ್ಯಾನಿಕ್ ಹತ್ತಾರು ಕೇಬಲ್ ಇಟ್ಟುಕೊಳ್ಳಬೇಕಾಗಿದೆ. ಸ್ಕ್ಯಾನರ್ ಇಲ್ಲದವನು ಮಾಡುವುದು ಊಹೆ. ಸೆನ್ಸರ್ ಬದಲಿಸಿ ನೋಡುವುದು, ಆಗದಿದ್ದರೆ ಪಂಪು ಬದಲಿಸಿ ನೋಡುವುದು. ಸರಿಯಿದ್ದ ಪಾರ್ಟಿಗೆ ಗಿರಾಕಿ ದುಡ್ಡು ಕೊಡುತ್ತಾನೆ, ಮಾತು ಕೇಳುವವನು ಮೆಕ್ಯಾನಿಕ್.

ಕೆಲವು ಹೊಸ ಬೈಕುಗಳಲ್ಲಿ ಸಿಲಿಂಡರಿನ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪನವಿದೆ. ಅವು ಬಹಳ ಕಾಲ ಬಾಳುತ್ತವೆ, ಆದರೆ ಸವೆದ ಮೇಲೆ ಬೋರ್ ಮಾಡಿಸುವಂತಿಲ್ಲ. ಬ್ಲಾಕು ಪಿಸ್ಟನ್ ಸೆಟ್ಟನ್ನೇ ಬದಲಿಸಬೇಕು. ಲೇತಿನ ಕೆಲಸ ಅಷ್ಟರಮಟ್ಟಿಗೆ ಕಡಿಮೆಯಾಗಿ ಪಾರ್ಟಿನ ಬಿಲ್ಲು ದೊಡ್ಡದಾಗುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಬ್ರೇಕು, ಬೇರಿಂಗು, ಟೈರಿನ ಕೆಲಸ ಹಳ್ಳಿ ಗ್ಯಾರೇಜಿನಲ್ಲಿ ಆದೀತು. ಬ್ಯಾಟರಿ ಪ್ಯಾಕನ್ನು ಮಾತ್ರ ತರಬೇತಿ, ಇನ್ಸುಲೇಟೆಡ್ ಕೈಗವಸು ಇಲ್ಲದೆ ಯಾರೂ ಬಿಚ್ಚಬಾರದು.

ಮಾಹಿತಿಯನ್ನು ಕಂಪನಿಗಳು ತಮ್ಮ ಬಳಿಯೇ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಆಗಲೇ ವಿಚಾರಣೆಗೆ ಬಂದಿದೆ. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಕೊಡದೆ ತಮ್ಮ ಅಧಿಕೃತ ಡೀಲರುಗಳಿಗಷ್ಟೇ ಸೀಮಿತಗೊಳಿಸಿದ್ದಾರೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ತನ್ನ ಮುಂದೆ ಬಂದ ಕಂಪನಿಗಳ ದಂಡದ ಲೆಕ್ಕವನ್ನು ಇಳಿಸಿತು, ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಮಾತ್ರ ಉಳಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದೇ ವಿಷಯಕ್ಕೆ 2012ರಲ್ಲೇ ಕಾನೂನು ಬಂದಿತ್ತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮೋಟಾರು ವಾಹನಗಳೂ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ.

ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳೇ. ಆದರೂ ಸ್ಪರ್ಧಾ ಆಯೋಗದ ಮುಂದೆ ಇದ್ದದ್ದು ಕಾರುಗಳ ಪ್ರಕರಣ. ಊರ್ಡಿಗೆರೆಯ ಗ್ಯಾರೇಜಿನ ಮುಂದೆ ಸಾಲಾಗಿ ನಿಲ್ಲುವುದು ಬೈಕು, ಮೊಪೆಡ್ಡು, ಆಟೋ. ಇನ್ನು ಪೋರ್ಟಲ್ಲು ದಿಲ್ಲಿಯಿಂದ ಬಂದದ್ದು. ಕೋಡು ಬಂದಾಗ ಯಾವ ತಂತಿಯಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ತಿಳಿಸುವ ವೈರಿಂಗ್ ನಕ್ಷೆ, ಯಾವ ಬೋಲ್ಟನ್ನು ಎಷ್ಟು ಬಿಗಿಮಾಡಬೇಕು ಎಂಬ ಪಟ್ಟಿ, ಇವು ಕನ್ನಡದಲ್ಲಿ ಮೆಕ್ಯಾನಿಕ್‌ನ ಫೋನಿಗೆ ಬರುವ ತನಕ ಈ ಹಕ್ಕು ಕಾಗದದ ಮೇಲಿನದು. ಕರ್ನಾಟಕದಲ್ಲಿ ಇಷ್ಟೊಂದು ಗಾಡಿ ಮಾರುವ, ಮೈಸೂರು, ನರಸಾಪುರ, ಬಿಡದಿಗಳಲ್ಲಿ ಗಾಡಿ ತಯಾರಿಸುವ ಕಂಪನಿಗಳಿಗೆ ಕನ್ನಡದಲ್ಲಿ ಸರ್ವಿಸ್ ಪುಸ್ತಕ ಕೊಡುವುದು ದೊಡ್ಡ ಖರ್ಚಲ್ಲ. ಸರ್ಕಾರ ಇದನ್ನು ಕೇಳಿ ಪಡೆಯಬೇಕು.

ಟೂಲ್ಸಿನ ವಿಷಯಕ್ಕೆ ಬಂದರೆ ಟಾರ್ಕ್ ರೆಂಚ್ ಒಂದರ ಬಗ್ಗೆ ಒತ್ತಿ ಹೇಳಬೇಕು. ಈಗಿನ ಇಂಜಿನ್ನುಗಳ ಕವಚ ಅಲ್ಯುಮಿನಿಯಮ್ಮಿನದು, ಅದಕ್ಕೆ ಹಾಕುವ ಬೋಲ್ಟು ಉಕ್ಕಿನದು. ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟನ್ನು ಉದ್ದದ ಸ್ಪ್ಯಾನರಿನಲ್ಲಿ ಬಲವಾಗಿ ಎಳೆದರೆ, ಅಥವಾ ಗಾಳಿ ಗನ್ನು ಹಿಡಿದರೆ, ಥ್ರೆಡ್ ಸ್ಲಿಪ್ ಆಗುತ್ತದೆ. ಮೊದಲ ಸಲ ಗೊತ್ತಾಗುವುದಿಲ್ಲ. ಮುಂದಿನ ಸರ್ವಿಸಿನಲ್ಲಿ ಬೋಲ್ಟಿಗೆ ಸುತ್ತಿಕೊಂಡು ಬೆಳ್ಳಗಿನ ಲೋಹದ ಎಳೆ ಹೊರಬರುತ್ತದೆ. ಆಮೇಲೆ ತೂತು ದೊಡ್ಡದು ಮಾಡಿಸಿ ಹೊಸ ಥ್ರೆಡ್ ಕೂರಿಸುವುದು, ಇಲ್ಲವೇ ಎಂ-ಸೀಲ್ ಮೆತ್ತುವುದು. ಇಷ್ಟೇ ಬಿಗಿ ಸಾಕು ಎಂದು 'ಕಟಕ್' ಎನ್ನುವ ರೆಂಚ್ ಒಂದಿದ್ದರೆ ಇವೆಲ್ಲ ತಪ್ಪುತ್ತವೆ. ಬಹಳಷ್ಟು ಗ್ಯಾರೇಜುಗಳಲ್ಲಿ ಅದಿಲ್ಲ. ಜ್ಯಾಕಿಯ ಮೇಲೆ ಎತ್ತಿದ ಗಾಡಿಗೆ ಆನಿಕೆ ಕೊಡುವ ಸ್ಟ್ಯಾಂಡುಗಳೂ ಎಷ್ಟೋ ಕಡೆ ಇಲ್ಲ; ಕಲ್ಲು, ಮರದ ತುಂಡು ಇಟ್ಟು ಅಡಿಗೆ ಮಲಗುತ್ತಾರೆ. ಎತ್ತಿ ನಿಲ್ಲಿಸಿದ ಟಿಪ್ಪರ್ ತೊಟ್ಟಿಗೆ ಆಸರೆ ಕೊಡದೆ ಅದರ ಕೆಳಗೆ ಕೈಯಿಟ್ಟು ಸತ್ತವರಿದ್ದಾರೆ. ಪ್ರಾಣ ಉಳಿಸುವ ಸಾಮಾನುಗಳಲ್ಲಿ ಇಂಥ ಸ್ಟ್ಯಾಂಡಿನಷ್ಟು ಅಗ್ಗದ್ದು ಬೇರೆ ಇಲ್ಲ.

ಹಳೇ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಲೇಬೇಕು. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಇಲ್ಲಿನ ಚರಂಡಿಗೆ ಸುರಿದದ್ದು ಕೆರೆಗಳಿಗೆ ಇಳಿಯುತ್ತದೆ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಒದಗಿಸುವ ಹೊಣೆ ಆಯಿಲ್ ಕಂಪನಿಗಳ ಮೇಲೆ ಬಂದಿದೆ. ಆ ಸಂಗ್ರಹದ ಗಾಡಿ ಹೋಬಳಿಗಳ ತನಕ ಬರಬೇಕು.

ರಿಪೇರಿಯ ಪಕ್ಕದಲ್ಲೇ ಇರುವುದು ಆಲ್ಟ್ರೇಷನ್. ಹುಡುಗರಿಗೆ ಸದ್ದು ಮಾಡುವ ಸೈಲೆನ್ಸರು, ಕಣ್ಣು ಕುಕ್ಕುವ ಲೈಟು ಬೇಕು. ಲಾರಿಯವರಿಗೆ ಡೀಸೆಲ್ ಹೊಗೆಯನ್ನು ಶುದ್ಧಮಾಡುವ ಯೂರಿಯಾ ಟ್ಯಾಂಕಿನ ಖರ್ಚು ತಪ್ಪಿಸಲು ಅದನ್ನು ಬೈಪಾಸ್ ಮಾಡಿಕೊಡುವವರು ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ಈ ಕಾನೂನು ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಲ್ಲ ಬದಲಾವಣೆಯೂ ಅಪರಾಧ ಎಂಬ ತಿಳಿವಳಿಕೆ ತಪ್ಪು. ಅನುಮೋದಿತ ಗ್ಯಾಸ್ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದು. ಅಂಗವಿಕಲರಿಗೆ ತಕ್ಕಂತೆ ಗಾಡಿ ಹೊಂದಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರುಗಳನ್ನು ರಾಜ್ಯ ಸರ್ಕಾರವೇ ಅವರಿಗೆ ಹಂಚುತ್ತದೆ. ಆ ಹೆಚ್ಚುವರಿ ಚಕ್ರಗಳ ಆಕ್ಸಲ್ಲು, ಬೇರಿಂಗು ಸವೆದಾಗ ಸರಿಮಾಡುವವರು ಊರಿನಲ್ಲಿಲ್ಲದಿದ್ದರೆ ಆ ಮನುಷ್ಯ ಮತ್ತೆ ಮನೆಯೊಳಗೇ ಉಳಿಯುತ್ತಾನೆ.

ಒಳ್ಳೆಯ ವರ್ಕ್‌ಶಾಪು ಕೈಯಲ್ಲಿದ್ದರೆ ಹಳೇ ಗಾಡಿಯನ್ನು ಎಲ್ಲಿಯವರೆಗೆ ಮೇಲೆತ್ತಬಹುದು ಎಂಬುದಕ್ಕೆ ಕೆಎಸ್‌ಆರ್‌ಟಿಸಿಯೇ ಸಾಕ್ಷಿ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ಇಲಾಖೆಯಾಗಿ ಶುರುವಾದ ಈ ಸಂಸ್ಥೆ ಮೊದಲಿನಿಂದಲೂ ತನ್ನದೇ ವರ್ಕ್‌ಶಾಪುಗಳನ್ನು ನಂಬಿ ಬೆಳೆದದ್ದು. ಇತ್ತೀಚಿನ ವರ್ಷಗಳಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿದ ನೂರಾರು ಬಸ್ಸುಗಳ ಬಾಡಿಯನ್ನು ಅಸ್ಥಿಪಂಜರದ ಮಟ್ಟಕ್ಕೆ ಬಿಚ್ಚಿ, ತುಕ್ಕು ಹಿಡಿದ ಚೌಕಟ್ಟು ಕತ್ತರಿಸಿ ಹೊಸದು ಬೆಸೆದು, ತಗಡು, ಸೀಟು, ಬಣ್ಣ ಬದಲಿಸಿ ಮತ್ತೆ ರಸ್ತೆಗಿಳಿಸಿದೆ. ಹೊಸ ಬಸ್ಸಿನ ಬೆಲೆಯ ಸಣ್ಣ ಪಾಲಿನಲ್ಲಿ ಈ ಕೆಲಸ ಮುಗಿದಿದೆ, ಅದೂ ಸಂಸ್ಥೆಯ ಸಿಬ್ಬಂದಿಯ ಕೈಯಲ್ಲೇ.

ಹೋಬಳಿ ಮೆಕ್ಯಾನಿಕ್‌ಗೆ ಅಂಥ ವರ್ಕ್‌ಶಾಪು ಕಟ್ಟಲಾಗದು. ಒಬ್ಬನೇ ಸ್ಕ್ಯಾನರು, ಟ್ಯೂಬ್‌ಲೆಸ್ ಟೈರ್ ಮೆಷಿನ್ನು, ಹೈಡ್ರಾಲಿಕ್ ಪ್ರೆಸ್ಸು ಎಲ್ಲವನ್ನೂ ಕೊಳ್ಳಲಾರ, ಕೊಂಡರೂ ದಿನವಿಡೀ ಕೆಲಸ ಕೊಡಲಾರ. ಇದೇ ಕಷ್ಟ ರೈತರಿಗಿದ್ದಾಗ ಕರ್ನಾಟಕ ಒಂದು ಉಪಾಯ ಕಂಡುಕೊಂಡಿತು. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರು, ರೋಟವೇಟರು, ಒಕ್ಕಣೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಅದೇ ಮಾದರಿಯಲ್ಲಿ ಮೆಕ್ಯಾನಿಕ್‌ಗಳಿಗೊಂದು ಕೇಂದ್ರ ಯಾಕಾಗಬಾರದು? ತರಬೇತಿಗೆ ಹೊಸ ಕಟ್ಟಡವೂ ಬೇಕಿಲ್ಲ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ. ತರಗತಿ ಮುಗಿದ ಮೇಲೆ ಸಂಜೆ ಎರಡು ಗಂಟೆ ಅವುಗಳ ಬಾಗಿಲನ್ನು ಕೆಲಸದಲ್ಲಿರುವ ಮೆಕ್ಯಾನಿಕ್‌ಗಳಿಗೆ ತೆರೆದರೆ, ಗ್ಯಾರೇಜಿನಲ್ಲೇ ಕಲಿತು ದೊಡ್ಡವರಾದವರಿಗೆ ಇಂಜೆಕ್ಷನ್ನು, ಸೆನ್ಸರ್ ಕಲಿಯಲು ಜಾಗವಾಗುತ್ತದೆ. ಕಲಿತದ್ದಕ್ಕೆ ಪ್ರಮಾಣಪತ್ರ ಕೊಡುವ ಯೋಜನೆಗಳು ಈಗಾಗಲೇ ಇವೆ.

ಕೇಂದ್ರವನ್ನು ಯಾರು ನಡೆಸಬೇಕು ಎಂಬುದು ಕಷ್ಟದ ಪ್ರಶ್ನೆ. ಇಲಾಖೆಯೇ ನಡೆಸಿದರೆ ಕೆಟ್ಟ ಯಂತ್ರ ಟೆಂಡರಿಗೆ ಕಾಯುತ್ತ ಬಿದ್ದಿರುತ್ತದೆ. ಒಬ್ಬ ಖಾಸಗಿಯವನಿಗೆ ಕೊಟ್ಟರೆ ಅವನ ಗ್ಯಾರೇಜೇ ಅದನ್ನು ನುಂಗುತ್ತದೆ. ಹೋಬಳಿಯ ಮೆಕ್ಯಾನಿಕ್‌ಗಳು, ಲೇತಿನವರು, ಪಂಚರ್ ಅಂಗಡಿಯವರು ಸೇರಿ ಸಹಕಾರ ಸಂಘ ಮಾಡಿಕೊಂಡು, ಹಾಲಿನ ಸಂಘಗಳನ್ನು ನಡೆಸಿದ ಅನುಭವವಿರುವ ಊರುಗಳಲ್ಲಿ ಮೊದಲು ತೆರೆಯುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಊರ್ಡಿಗೆರೆಯ ಸುತ್ತ ಅಂಥ ಊರುಗಳಿಗೆ ಕೊರತೆಯಿಲ್ಲ. ಸ್ಕ್ಯಾನರಿಗೆ ಗಂಟೆಗೆ ಇಷ್ಟು, ಪ್ರೆಸ್ಸಿಗೆ ಇಷ್ಟು ಎಂದು ಬಾಡಿಗೆ ಗೋಡೆಯ ಮೇಲೆ ಬರೆದಿದ್ದರೆ ಮೆಕ್ಯಾನಿಕ್ ಅದನ್ನು ಬಿಲ್ಲಿಗೆ ಸೇರಿಸಬಲ್ಲ. ಬೇಡದ ಪಾರ್ಟಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಒಂದಂಶವನ್ನು ಗಿರಾಕಿಯೂ ಅದಕ್ಕೆ ಕೊಡಬಲ್ಲ.